ಸರಸ್ವತಿ ಪೂಜೆಗೆ ಕೂತ ಚುಕ್ಕಿ ಪುಸ್ತಕ

ಆ ಪುಸ್ತಕದ ತುಂಬ ಚುಕ್ಕಿ ಇತ್ತು. ಗೆರೆ ಇಲ್ಲ, ಚೌಕ ಇಲ್ಲ, ಬರೀ ಚುಕ್ಕಿ. ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ಶನಿವಾರ ಸಂಜೆ ಬಂದವಳೇ ಅದನ್ನು ನನ್ನ ಕೈಗಿತ್ತು, "ಅಮ್ಮಾ, ಇದು ನಿನಗೆ. ಈಗ್ಲೇ ಏನೂ ಮಾಡ್ಬೇಡ, ಸ್ನಾನ ಮಾಡಿ ಬಂದು ಹೇಳಿಕೊಡ್ತೀನಿ" ಅಂದು ಬಚ್ಚಲಿಗೆ ಹೋದಳು. ಕೈಗೆ ಕೊಟ್ಟು ಏನೂ ಮಾಡಬೇಡ ಅಂದರೆ ಏನರ್ಥ? ಹೊಳೆನರಸೀಪುರದಲ್ಲಿ ಚುಕ್ಕಿ ಇಟ್ಟ ಹಾಳೆಯನ್ನು ಯಾವ ಹೆಂಗಸಿನ ಕೈಗೆ ಕೊಟ್ಟರೂ ಅವಳು ಏನು ಮಾಡುತ್ತಾಳೋ ನಾನೂ ಅದನ್ನೇ ಮಾಡಿದೆ. ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಆಚೆ ಬರುವಷ್ಟರಲ್ಲಿ ಮೊದಲ ಹಾಳೆಯಲ್ಲಿ ತಾವರೆ ಅರಳಿತ್ತು, ಎರಡನೆಯದರಲ್ಲಿ ನವಿಲಿನ ಕತ್ತು ಬಂದಿತ್ತು, ಬಾಲ ಬಾಕಿ.

"ಅಮ್ಮಾ! ಇದು ಬುಲೆಟ್ ಜರ್ನಲ್ಲು, ದಿನದ ಕೆಲಸ ಬರ್ದಿಡೋ ಪುಸ್ತಕ! ರಂಗೋಲಿ ಪುಸ್ತಕ ಅಲ್ಲ!"

"ಅಲ್ಲದೇ ಇದ್ರೆ ಚುಕ್ಕಿ ಯಾಕೆ ಇಡ್ಬೇಕಾಗಿತ್ತು?" ಅಂದೆ. ತಪ್ಪು ನನ್ನದೇ ಆದರೂ ಮೊದಲು ಜೋರು ಮಾಡುವುದು ನನ್ನ ಹುಟ್ಟುಗುಣ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತೆ. ನಮ್ಮ ಅತ್ತೆ ಪಡಸಾಲೆಯಲ್ಲಿ ಕಾಲು ನೀಡಿ ಅಲಸಂದೆಕಾಯಿ ಬಿಡಿಸುತ್ತಿದ್ದವರು, "ನವುಲು ಚೆಂದಾಗೈತೆ, ಬಾಲ ಬರ್ದು ಮುಗ್ಸು, ಆಮ್ಯಾಕೆ ಜಗಳ ಆಡೀರಂತೆ" ಅಂದರು.

ಆ ಪುಸ್ತಕ ನನಗೆ ಯಾಕೆ ಬಂತು ಅನ್ನುವುದನ್ನು ಹೇಳಬೇಕು. ಮನೆಯಲ್ಲೇ ತಿಂಡಿ ಮಾಡಿಕೊಡುವುದು ನನ್ನ ಕಸುಬು. ಚಕ್ಕಲಿ, ನಿಪ್ಪಟ್ಟು, ಕೋಡುಬಳೆ, ಕಜ್ಜಾಯ, ರವೆ ಉಂಡೆ. ನಾಮಕರಣ, ಸೀಮಂತ, ಗೃಹಪ್ರವೇಶ ಅಂತ ಸುತ್ತಮುತ್ತಲ ಊರಿನವರು ಹೇಳಿ ಮಾಡಿಸಿಕೊಳ್ಳುತ್ತಾರೆ. ಯಾರಿಗೆ, ಯಾವತ್ತು, ಎಷ್ಟು ಅನ್ನುವುದೆಲ್ಲ ನನ್ನ ತಲೆಯಲ್ಲೇ ಇರುತ್ತಿತ್ತು. ತಲೆ ಸಾಲದೆ ಹೋದರೆ ಗೋಡೆಯ ಕ್ಯಾಲೆಂಡರು. ಹಾಲು ಬರದ ದಿನ, ಗ್ಯಾಸ್ ಬಂದ ದಿನ, ಯಾರದೋ ಮದುವೆ, ಯಾರದೋ ತಿಥಿ, ಎಲ್ಲ ಅದರ ಮೇಲೆ ಒಂದರ ತಲೆಯ ಮೇಲೊಂದು ಕೂತಿರುತ್ತಿದ್ದವು.

ಆ ಬೇಸಿಗೆಯಲ್ಲಿ ಅರಕಲಗೂಡಿನ ಒಂದು ನಾಮಕರಣವನ್ನು ಮರೆತೇಬಿಟ್ಟೆ. ತಡವಾಯಿತು ಅಂತಲ್ಲ. ಬೆಳಿಗ್ಗೆ ಅವರು ಫೋನ್ ಮಾಡಿ "ಎಲ್ಲಿದೀರಾ, ಇನ್ನೂ ಬರ್ಲಿಲ್ವಲ್ಲ?" ಅಂದಾಗ ನಾನು "ಯಾರು ಮಾತಾಡ್ತಿರೋದು?" ಅಂದಿದ್ದೆ. ಆಮೇಲೆ ಹೆದರಿದೆ. ಅವರು ಬೈದಿದ್ದಕ್ಕಲ್ಲ, ಬೈಗುಳ ಯಾರಿಗೆ ಬೀಳಲ್ಲ? ನನ್ನ ಬಾಯಿಂದ ಬಂದ ಆ ಪ್ರಶ್ನೆ ನನಗೆ ಗುರುತಿತ್ತು. ನಮ್ಮವ್ವನೂ ನನ್ನ ವಯಸ್ಸಿನಲ್ಲೇ ಮರೆಯುವುದಕ್ಕೆ ಶುರು ಮಾಡಿದ್ದು. ಮೊದಲು ಒಲೆಯ ಮೇಲಿಟ್ಟ ಹಾಲು, ಆಮೇಲೆ ಮನೆಯ ದಾರಿ, ಕೊನೆಗೆ ನಾನು. ಒಂದು ದಿನ ತಲೆ ಬಾಚುತ್ತಿದ್ದ ನನ್ನನ್ನು ತಿರುಗಿ ನೋಡಿ, "ನೀನು ಯಾರ ಮಗಳವ್ವಾ? ಎಷ್ಟು ಚೆನ್ನಾಗಿ ಬಾಚ್ತೀಯ" ಅಂದಿದ್ದಳು.

ನನ್ನ ಮಗಳಿಗೆ ನಾನೂ ಹಾಗೆ ಕೇಳಿಬಿಟ್ಟರೆ? ಆ ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ. ಮಗಳಿಗೆ ಹೇಳಿದ್ದು ಇಷ್ಟೇ: ಕೆಲಸ ಜಾಸ್ತಿಯಾಗಿದೆ, ಕ್ಯಾಲೆಂಡರಿನಲ್ಲಿ ಜಾಗ ಸಾಲುತ್ತಿಲ್ಲ. ಅವಳ ಹಾಸ್ಟೆಲಿನ ಹುಡುಗಿಯರೆಲ್ಲ ಇಂಥ ಪುಸ್ತಕ ಇಟ್ಟುಕೊಂಡಿದ್ದರಂತೆ. ತಂದಳು.

ಭಾನುವಾರ ಬೆಳಿಗ್ಗೆ ಇಡ್ಲಿ ಮುಗಿಸಿ ಇಬ್ಬರೂ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆವು. ತಾವರೆಯನ್ನೂ ನವಿಲನ್ನೂ ಹಾಗೇ ಬಿಟ್ಟು ಮೂರನೆಯ ಹಾಳೆಯಿಂದ ಶುರು. ಮೊದಲು ಪುಟಕ್ಕೆಲ್ಲ ನಂಬರ್ ಹಾಕಬೇಕು. ಆಮೇಲೆ ವಿಷಯಸೂಚಿ, ಯಾವುದು ಯಾವ ಪುಟದಲ್ಲಿದೆ ಅಂತ. ಆಮೇಲೆ ಮುಂದಿನ ಆರು ತಿಂಗಳಿಗೆ ಆರು ಖಾನೆ, ದೂರದ ಕೆಲಸಗಳೆಲ್ಲ ಅಲ್ಲಿಗೆ. ಈ ತಿಂಗಳಿಗೆ ಒಂದು ಪುಟ, ಎಡಗಡೆ ತಾರೀಕು, ಬಲಗಡೆ ಏನಿದೆ ಅಂತ. ಕೊನೆಗೆ ದಿನದ ಪುಟ. ಮಾಡಬೇಕಾದ ಕೆಲಸಕ್ಕೆ ಒಂದು ದಪ್ಪ ಚುಕ್ಕಿ. ಹೋಗಬೇಕಾದ ಕಡೆಗೆ ಸೊನ್ನೆ. ಸುಮ್ಮನೆ ನೆನಪಿಗೆ ಒಂದು ಅಡ್ಡಗೆರೆ. ಮಾಡಲಾಗದೆ ಉಳಿದದ್ದನ್ನು ಬಾಣ ಹಾಕಿ ಮುಂದಿನ ದಿನಕ್ಕೆ ಸಾಗಿಸುವುದು.

"ಮುಗಿದ ಕೆಲಸದ ಮೇಲೆ ಇಂಟು ಹಾಕ್ಬೇಕಮ್ಮ."

"ಯಾಕೆ ಇಂಟು ಹಾಕ್ಲಿ? ನಾನೇನು ತಪ್ಪು ಲೆಕ್ಕ ಮಾಡಿದೀನಾ? ಮೈ ಬಗ್ಗಿಸಿ ಕೆಲಸ ಮಾಡಿ, ಕೊನೆಗೆ ನನಗೆ ನಾನೇ ಇಂಟು ಹಾಕ್ಕೊಳ್ಳೋದಾ?"

ಅವಳು ತಲೆ ಚಚ್ಚಿಕೊಂಡಳು. ಕೊನೆಗೆ ನನ್ನ ಪುಸ್ತಕದಲ್ಲಿ ಕೆಲಸ ಮುಗಿದರೆ ಚುಕ್ಕಿಯ ಸುತ್ತ ನಾಲ್ಕು ಎಸಳು ಬರೆಯುವುದು ಅಂತ ರಾಜಿಯಾಯಿತು. ಸೊನ್ನೆಗೂ ಅದೇ ಕಾನೂನು. ದಿನ ಚೆನ್ನಾಗಿ ಕಳೆದರೆ ಪುಟದ ತುಂಬ ಹೂವು. ಹಾಸ್ಟೆಲಿನ ಹುಡುಗಿಯರು ಬಣ್ಣದ ಟೇಪು, ಸ್ಟಿಕ್ಕರು ಅಂಟಿಸುತ್ತಾರಂತೆ. ನನಗೆ ಅದೆಲ್ಲ ಯಾಕೆ, ಕೈಯಲ್ಲಿ ಎಸಳಿದೆ. ಪುಸ್ತಕದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಮಗಳು ಬೇಡ ಅನ್ನುವುದರೊಳಗೆ ಹಚ್ಚಿ ಆಗಿತ್ತು.

ಅವಳು ಹಾಸನದ ಬಸ್ಸು ಹತ್ತಿದ ಮೇಲೆ ಒಂದು ಸೊನ್ನೆಯನ್ನು ಯಾರಿಗೂ ತೋರಿಸದೆ ಹಾಕಿದೆ. ಹಾಸನದಲ್ಲಿ ಮರೆವಿಗೆ ನೋಡುವ ಡಾಕ್ಟರೊಬ್ಬರು ಇದ್ದಾರೆ ಅಂತ ಕೇಳಿ ಫೋನಿನಲ್ಲೇ ಗೊತ್ತು ಮಾಡಿದ್ದೆ. ದಸರಾದೊಳಗಿನ ಒಂದು ದಿನ ಸಿಕ್ಕಿತ್ತು. ಗಂಡನಿಗೂ ಹೇಳಲಿಲ್ಲ.

ಆಮೇಲೆ ನೋಡಿ, ಆ ಪುಸ್ತಕದ ಹುಚ್ಚು ಹಿಡಿಯಿತು! ಬೆಳಿಗ್ಗೆ ಕಾಫಿ ಲೋಟದ ಪಕ್ಕ ಅದು, ಒಲೆಯ ಪಕ್ಕ ಅದು. ಎಲ್ಲ ಆರ್ಡರೂ ಅದಕ್ಕೇ ಹೋದವು. ಗೋಡೆಯ ಕ್ಯಾಲೆಂಡರಿಗೆ ಬರೀ ತಾರೀಕು ತೋರಿಸುವ ಕೆಲಸ ಉಳಿಯಿತು. ಎಸಳು ಬರೆಯುವಾಗ ನನಗೆ ಎಂಥ ಖುಷಿ ಅಂದರೆ, ಮುಗಿದೇ ಹೋದ ಸಣ್ಣಪುಟ್ಟ ಕೆಲಸಕ್ಕೂ ಆಮೇಲೆ ಚುಕ್ಕಿ ಇಟ್ಟು ಹೂವು ಮಾಡುತ್ತಿದ್ದೆ. ಕೊಬ್ಬರಿ ತುರಿದೆ, ಹೂವು. ಅತ್ತೆಗೆ ಎಣ್ಣೆನೀರು ಹಾಕಿದೆ, ಹೂವು. ಒಂದು ಸಲ "ಗಂಡನ ಜೊತೆ ಜಗಳ" ಅಂತ ಬರೆದು ಅದಕ್ಕೂ ಎಸಳು ಹಾಕಿದ್ದೆ. ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಅದನ್ನು ಓದಿ ಒಂದು ವಾರ ಆಡಿಕೊಂಡರು.

ಆಗ ಬಂತು ಚನ್ನರಾಯಪಟ್ಟಣದ ಆರ್ಡರು. ವಿಜಯದಶಮಿಯ ದಿನ ಗೃಹಪ್ರವೇಶ. ಫೋನ್ ಮಾಡಿದಾಕೆ ಅರಕಲಗೂಡಿನವರ ತಂಗಿ. "ನಮ್ಮಕ್ಕನ ಮನೆಗೆ ಕೈಕೊಟ್ರಂತೆ. ನಿಮ್ಮ ಚಕ್ಕಲಿ ರುಚಿ ಬಿಡಕ್ಕಾಗಲ್ಲ ಅಂತ ಕೇಳ್ತಿದೀನಿ. ನಮಗೆ ಕೈಕೊಡಲ್ಲ ತಾನೆ?" ಅಂತ ನಗುತ್ತಲೇ ಅಂದಳು. ನಕ್ಕರೂ ಚುಚ್ಚಿತು. ಬಾಣಲೆ ಒಲೆಯ ಮೇಲಿತ್ತು, ಫೋನು ಕಿವಿಗೂ ಹೆಗಲಿಗೂ ಮಧ್ಯೆ ಇತ್ತು. ಅವಳು ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಸಾಲಾಗಿ ಬರೆದೆ, ಆರು ಚುಕ್ಕಿ, ಆರು ಸಾಲು. ಕೊನೆಯ ಸಾಲಿನ ಮೇಲೆ ಒಂದು ತೊಟ್ಟು ಎಣ್ಣೆ ಸಿಡಿಯಿತು. ಬರೆದಿದ್ದೀನಲ್ಲ ಅಂತ ಆಮೇಲೆ ನಿಶ್ಚಿಂತೆಯಾಗಿ ಇದ್ದುಬಿಟ್ಟೆ.

ಸಪ್ತಮಿಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಪುಸ್ತಕ ಕಾಫಿ ಲೋಟದ ಹತ್ತಿರ ಇಲ್ಲ, ಒಲೆಯ ಹತ್ತಿರ ಇಲ್ಲ, ದಿಂಬಿನ ಕೆಳಗೆ ಇಲ್ಲ. ಎಲ್ಲಿ ಇಟ್ಟೆ ಅನ್ನುವುದೂ ಮರೆತುಹೋಯಿತಾ ಅಂತ ಹಾಸಿಗೆಯನ್ನೆಲ್ಲ ಕೊಡವಿದೆ. ಆಗ ಅತ್ತೆ ದೇವರ ಕೋಣೆಯಿಂದ ಆಚೆ ಬಂದು, "ಉಡುಕ್ಬ್ಯಾಡ. ಸರಸೋತಿ ಪೂಜೆಗೆ ಇಕ್ಕಿವ್ನಿ" ಅಂದರು.

ಹೋಗಿ ನೋಡಿದೆ. ಮಣೆಯ ಮೇಲೆ ಹೊಸ ರವಿಕೆ ಕಣ, ಅದರ ಮೇಲೆ ಪಂಚಾಂಗ, ಅದರ ಮೇಲೆ ನನ್ನ ಚುಕ್ಕಿ ಪುಸ್ತಕ. ಕುಂಕುಮ, ಅಕ್ಷತೆ, ಸೇವಂತಿಗೆ. ನಮ್ಮ ಮನೆಯಲ್ಲಿ ಸಪ್ತಮಿಗೆ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ಪೂಜೆ ಆಗುವತನಕ ಯಾರೂ ಮುಟ್ಟುವ ಹಾಗಿಲ್ಲ. ಓದುವ ಹಾಗಿಲ್ಲ, ಬರೆಯುವ ಹಾಗೂ ಇಲ್ಲ. ಮಕ್ಕಳಿಗೆ ಅದು ಸ್ವರ್ಗ. ನನಗೆ?

ಕೂಗಾಡಿದೆ. ಬಾಯಿಗೆ ಬಂದ ಹಾಗೆ ಕೂಗಾಡಿದೆ. "ಅತ್ತೆವ್ವಾ, ನಿಮಗೆ ಬೇರೆ ಪುಸ್ತಕ ಸಿಗ್ಲಿಲ್ವಾ? ನನ್ನ ಹೊಟ್ಟೆಪಾಡೆಲ್ಲ ಅದರೊಳಗೆ ಇದೆ! ಕೇಳಿ ಇಡೋದಲ್ವಾ?"

ಅತ್ತೆ ಒಂದಿಷ್ಟೂ ಅಲುಗಲಿಲ್ಲ. "ಇನ್ಯಾವ್ ಪುಸ್ತ್ಕ ಐತೆ ಈ ಮನೇಲಿ? ಮೊಮ್ಮಗ್ಳುದೆಲ್ಲ ಆಸ್ಟ್ಲಾಗವೆ. ನನ್ ಮಗುಂದು ಬರೀ ಮಂಡಿ ಚೀಟಿ. ಇದ್ಯೆ ಅಂತ ಈ ಮನೇಲಿ ಇರಾದು ನಿಂದೇ ಕಣವ್ವ. ಅದ್ಕೇ ಇಕ್ಕಿದೆ."

ಮದುವೆಯಾಗಿ ಬಂದಾಗಿನಿಂದ ನನ್ನ ಚಕ್ಕಲಿಯನ್ನು ಯಾರೂ ವಿದ್ಯೆ ಅಂದಿರಲಿಲ್ಲ. ಕೋಪ ಮಾತ್ರ ಇಳಿಯಲಿಲ್ಲ, ಅದು ಬೇರೆ ಮಾತು.

ಯಜಮಾನರು, "ಅಷ್ಟಕ್ಕೆ ಯಾಕೆ ಇಷ್ಟು ರಂಪ? ಆಯಮ್ಮನಿಗೇ ಫೋನ್ ಮಾಡಿ ಕೇಳಿದ್ರಾಯ್ತು" ಅಂದರು. "ಏನಂತ ಕೇಳ್ಲಿ? ನೀವು ಏನು ಹೇಳಿದ್ರಿ ಮರ್ತೋಯ್ತು ಅಂತ ಕೇಳ್ಲಾ? ಅರಕಲಗೂಡಿನಲ್ಲಿ ಹೋದ ಮಾನ ಸಾಲ್ದಾ?" ಅಂದೆ. ಮಾನಕ್ಕಿಂತ ದೊಡ್ಡದೊಂದು ಒಳಗಿತ್ತು. ಫೋನ್ ಮಾಡಿ ಕೇಳಿದರೆ ನನ್ನ ತಲೆ ಹೋಗಿದೆ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಮಣೆಯ ಮೇಲಿನ ಪುಸ್ತಕವನ್ನು ತೆಗೆದು ನೋಡುವುದಕ್ಕೂ ಕೈ ಹೋಗಲಿಲ್ಲ. ಅತ್ತೆ ವಿದ್ಯೆ ಅಂತ ಇಟ್ಟಿದ್ದನ್ನು ನಾನು ಕದ್ದು ನೋಡಲಾ?

ಹೊತ್ತು ಕಳೆಯುವ ಹಾಗೂ ಇರಲಿಲ್ಲ. ನವಮಿ ಆಯುಧಪೂಜೆ. ಅವತ್ತು ಯಜಮಾನರ ಹಳೇ ಓಮ್ನಿ ವ್ಯಾನಿಗೆ ಬಾಳೆಕಂದು ಕಟ್ಟುವ ಹಾಗೆ, ನನ್ನ ಚಕ್ಕಲಿ ಒತ್ತು, ಬಾಣಲೆ, ಜಾಲರಿಗೂ ಕುಂಕುಮ ಇಟ್ಟು ಕೂರಿಸುತ್ತೇವೆ. ಪೂಜೆಗೆ ಕೂತ ಸಾಮಾನನ್ನು ಒಲೆಗೆ ಹಾಕುವ ಹಾಗಿಲ್ಲ. ಅಂದರೆ ಅಷ್ಟಮಿಯ ಸಂಜೆಯೊಳಗೆ ಎಲ್ಲ ಕರಿದು ಮುಗಿದಿರಬೇಕು.

ಹಿತ್ತಿಲಿಗೆ ಹೋದೆ. ಸಿಟ್ಟು ಬಂದಾಗ ನಾನು ನೆಲ ಸಾರಿಸುತ್ತೇನೆ. ಸಾರಿಸಿ, ಅಭ್ಯಾಸಬಲದಿಂದ ರಂಗೋಲಿ ಪುಡಿ ಹಿಡಿದು ಚುಕ್ಕಿ ಇಟ್ಟೆ. ಒಂದರ ಕೆಳಗೊಂದು. ಇಡುತ್ತಾ ಇಡುತ್ತಾ ಕೈಗೆ ಆ ಪುಟದ ಅಂದಾಜು ಸಿಕ್ಕಿತು. ಆರು ಚುಕ್ಕಿ ಇಟ್ಟಿದ್ದೆ ಅಲ್ಲವೆ? ಮೊದಲನೆಯದರ ಮುಂದೆ ಚಕ್ಕಲಿ.

"ಅತ್ತೆವ್ವಾ, ರಂಗೋಲಿ ಬಿಡಬೌದಾ, ಅದಕ್ಕೂ ನಿಮ್ಮ ಸರಸ್ವತಿ ಬೇಡ ಅಂತಾಳಾ?"

"ರಂಗೋಲಿಗೇನ್ ಅಡ್ಡಿ? ಅದು ಬರ್ಯದಲ್ಲ, ಬುಡಾದು" ಅಂದರು ಅತ್ತೆ, ಕಂಬಕ್ಕೆ ಒರಗಿ ಕೂರುತ್ತಾ.

ಬಿಟ್ಟೆ. ಮೊದಲ ಚುಕ್ಕಿಯ ಮುಂದೆ ಸುರುಳಿ ಸುರುಳಿಯಾಗಿ ಚಕ್ಕಲಿ, ಪಕ್ಕದಲ್ಲಿ ಎಷ್ಟು ಡಬ್ಬಿ ಅನ್ನುವುದಕ್ಕೆ ಅಷ್ಟು ಗೀಟು. ಎರಡನೆಯದು ನಿಪ್ಪಟ್ಟು. ಅದರಲ್ಲಿ ಒಂದು ಡಬ್ಬಿ ಬೇರೆ, ಕಡಲೆಕಾಯಿ ಬೀಜ ಹಾಕಬಾರದು, ಆ ಮನೆಯ ಮಗುವಿಗೆ ತಿಂದರೆ ಮೈಯೆಲ್ಲ ಊದುತ್ತೆ. ನೆನಪಾದ ಕೂಡಲೇ ನೆಲದ ಮೇಲೆ ಕಡಲೆಕಾಯಿ ಬರೆದು ಸುತ್ತ ಬೇಲಿ ಹಾಕಿದೆ. ಮೂರನೆಯದು ಕೋಡುಬಳೆ. ನಾಲ್ಕನೆಯದು ಕಜ್ಜಾಯ, ಹಳೇ ಬೆಲ್ಲದ್ದು. ಐದನೆಯದು ಕರ್ಜಿಕಾಯಿ, ಎಳ್ಳು ಬೇಡ. ಒಂದೊಂದು ಸಾಲೂ ಬರೆಯುವಾಗ ಫೋನಿನಲ್ಲಿ ಕೇಳಿದ ದನಿ, ಎಣ್ಣೆಯ ಸದ್ದು, ನನ್ನ ಕುತ್ತಿಗೆ ನೋವು ಎಲ್ಲ ಜೊತೆಗೇ ಬಂದವು. ನನಗೆ ನಗು ತಡೆಯಲಾಗಲಿಲ್ಲ. ತಲೆ ಇದೆ ಕಣ್ರೀ, ಇದ್ದಲ್ಲೇ ಇದೆ!

ಆರನೆಯ ಚುಕ್ಕಿಯ ಹತ್ತಿರ ಬಂದು ನಿಂತೆ. ಖಾಲಿ. ಎಣ್ಣೆ ಸಿಡಿದದ್ದು ನೆನಪಿದೆ, ಎಣ್ಣೆಯ ಕೆಳಗಿನ ಅಕ್ಷರ ಇಲ್ಲ. ಸೊಂಟದ ಮೇಲೆ ಕೈ ಇಟ್ಟು ನಿಂತೆ, ಕೂತೆ, ತಲೆ ಕೆರೆದೆ. ನಗು ಹೋಯಿತು. ಅವ್ವನಿಗೂ ಹೀಗೇ ಆಗಿದ್ದಿರಬೇಕು, ಐದು ನೆನಪಿದ್ದು ಆರನೆಯದು ಇಲ್ಲ, ಆಮೇಲೆ ಐದನೆಯದೂ ಇಲ್ಲ.

ಮಿಕ್ಕ ಐದನ್ನು ಶುರು ಮಾಡಿದೆ. ಸಪ್ತಮಿಯೆಲ್ಲ ಹಿಟ್ಟು, ಪಾಕ. ಅಷ್ಟಮಿಯೆಲ್ಲ ಬಾಣಲೆಯ ಮುಂದೆ. ಮಧ್ಯಾಹ್ನ ಕೋಡುಬಳೆಯ ಮೊದಲ ಒಬ್ಬೆ ಇಳಿಸಿ ರುಚಿ ನೋಡಲಿ ಅಂತ ಅತ್ತೆಗೆ ಒಂದು ಕೊಟ್ಟೆ. ಅವರು ಅದನ್ನು ಬಾಯಿಗಿಟ್ಟು, ಎಡಕ್ಕೆ ತಳ್ಳಿ, ಬಲಕ್ಕೆ ತಳ್ಳಿ, ಕೊನೆಗೆ ಆಚೆ ತೆಗೆದು ಹಿಡಿದುಕೊಂಡು, "ಬಾಯಾಗ್ ಅಲ್ಲಿಲ್ದೋರ್ಗೆ ಇದನ್ನ ಕೊಟ್ರೆ ಚೀಪ್ಕಂಡ್ ಕೂರಾದೇಯ. ಮೆತ್ತುಗಿರಾದು ಏನಾರಾ ಮಾಡ್ಬಾರ್ದಾ?" ಅಂದರು.

"ಅಜ್ಜ!" ಅಂತ ಕಿರುಚಿದೆ. ಜಾಲರಿ ಕೈಯಲ್ಲೇ ಇತ್ತು. "ಅಜ್ಜ ಕಣ್ರೀ ಅತ್ತೆವ್ವಾ! ಆ ಮನೇಲಿ ಹಲ್ಲಿಲ್ಲದ ಅಜ್ಜ ಇದಾರೆ! ಅವ್ರಿಗೆ ಅಂತ ಮೆತ್ತಗಿನ ರವೆ ಉಂಡೆ, ಹಾಲು ಹಾಕಿ ಕಟ್ಟಿದ್ದು!" ಓಡಿಹೋಗಿ ಆರನೆಯ ಚುಕ್ಕಿಯ ಮುಂದೆ ಉಂಡೆ ಬಿಟ್ಟೆ. ಉಂಡೆಗೆ ಒಂದು ಜೊತೆ ಮೀಸೆಯನ್ನೂ ಬಿಟ್ಟೆ. ಅತ್ತೆಯ ಗಲ್ಲ ಹಿಡಿದು ಮುತ್ತು ಕೊಟ್ಟೆ. "ಊಂ, ನಿನ್ನೆ ಬೈದೋಳೂ ನೀನೇಯ" ಅಂತ ಅವರು ಮುಖ ಒರೆಸಿಕೊಂಡರು.

ವಿಜಯದಶಮಿಯ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. ಯಜಮಾನರು, "ಹೊರಡೋಕ್ ಮುಂಚೆ ಒಂದ್ಸಲ ನೋಡ್ಕೊಂಬಿಡೆ" ಅಂದರು. ನೋಡಲಿಲ್ಲ, ಚೀಲಕ್ಕೆ ಹಾಕಿಕೊಂಡೆ. ನೋಡಿಬಿಟ್ಟರೆ ನೆನಪಿದ್ದದ್ದು ತಲೆಯೋ ಪುಸ್ತಕವೋ ಅಂತ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಬಾಳೆಕಂದು ಕಟ್ಟಿದ ಓಮ್ನಿಯಲ್ಲಿ ಡಬ್ಬಿಗಳ ನಡುವೆ ಕೂತು ಚನ್ನರಾಯಪಟ್ಟಣದವರೆಗೂ ಬಾಯಿ ಮುಚ್ಚಿಕೊಂಡಿದ್ದೆ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಯಜಮಾನರು ಎರಡು ಸಲ "ಹುಷಾರಾಗಿದೀಯಾ?" ಅಂತ ಕೇಳಿದರು.

ಆ ಮನೆಯಾಕೆ ತಾನೇ ಒಂದೊಂದು ಡಬ್ಬಿ ತೆಗೆದು ನೋಡಿದಳು. ಚಕ್ಕಲಿ ಮುರಿದು ಬಾಯಿಗೆ ಹಾಕಿಕೊಂಡಳು. ಬೀಜ ಹಾಕದ ನಿಪ್ಪಟ್ಟನ್ನು ಮಗುವಿನ ಕೈಗೆ ಕೊಟ್ಟಳು. ಕೊನೆಯ ಡಬ್ಬಿಯ ಮುಚ್ಚಳ ತೆಗೆದು ನಿಂತುಬಿಟ್ಟಳು. "ಅಯ್ಯೋ, ನಮ್ಮ ಮಾವನಿಗೆ ಅಂತ ಹೇಳಿದ್ನಲ್ಲ! ಹೇಳಿದ್ದು ನನಗೇ ಮರ್ತೋಗಿತ್ತು. ನೀವು ನೆನಪಿಟ್ಕೊಂಡಿದೀರಲ್ರೀ!" ಅಂದಳು. ಒಳಗಿನಿಂದ ಅಜ್ಜ ಬಂದು ಉಂಡೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಓಮ್ನಿ ಹೊರಟ ಮೇಲೆ ಪುಸ್ತಕ ತೆಗೆದೆ. ಕುಂಕುಮ ಉದುರಿತು. ಆರು ಸಾಲು, ಒಂದೊಂದಾಗಿ ಸರಿ, ಸರಿ, ಸರಿ. ಎಣ್ಣೆಯ ಕೆಳಗೆ "ಅಜ್ಜ, ಮೆತ್ತಗೆ". ಆರಕ್ಕೂ ಎಸಳು ಬರೆದೆ. ಗೆದ್ದೆ ಅಂತ ಹಾಳೆ ತಿರುಗಿಸಿದೆ. ಅಷ್ಟಮಿಯ ಪುಟದಲ್ಲಿ ಒಂದೇ ಒಂದು ಸೊನ್ನೆ ಇತ್ತು. "ಹಾಸನ. ಮರೆವಿನ ಡಾಕ್ಟ್ರು. ಬೆಳಿಗ್ಗೆ."

ಮರೆವಿನ ಡಾಕ್ಟರ ಹತ್ತಿರ ಹೋಗುವುದನ್ನು ಮರೆತಿದ್ದೆ! ಬೇರೆ ಎಲ್ಲ ನೆನಪಿತ್ತು, ಅದೊಂದು ಬಿಟ್ಟು. ನಗು ಉಕ್ಕಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ, ನಗುತ್ತಾ ನಗುತ್ತಾ ಅದು ಅಳುವಾಯಿತು. ಯಜಮಾನರು ಗಾಬರಿಯಾಗಿ ಗಾಡಿ ಪಕ್ಕಕ್ಕೆ ಹಾಕಿದರು. ಅವ್ವ, ಅರಕಲಗೂಡು, ಹೆದರಿಕೆ, ಎಲ್ಲ ಹೇಳಿದೆ. ಅವರು ಪುಸ್ತಕದ ಮೇಲೆ ಬಿದ್ದಿದ್ದ ಕುಂಕುಮವನ್ನು ಬೆರಳಲ್ಲಿ ತೆಗೆದು ನನ್ನ ಹಣೆಗೆ ಇಟ್ಟರು.

ಮನೆಯಲ್ಲಿ ಅತ್ತೆಗೂ ಹೇಳಿದೆ. "ಬಾಣ ಆಕಿ ಮುಂದುಕ್ಕೆ ತಳ್ತೀಯಲ್ಲ, ತಳ್ಳು. ನಾನೂ ಬತ್ತೀನಿ" ಅಂದರು. ಫೋನಿನಲ್ಲಿ ವಿಷಯ ಕೇಳಿದ ಮಗಳು ಮೊದಲು ಅತ್ತಳು, ಆಮೇಲೆ ನನ್ನ ಹಾಗೇ ಕೂಗಾಡಿದಳು. ರಕ್ತ ಎಲ್ಲಿಗೆ ಹೋಗುತ್ತೆ?

ಮುಂದಿನ ವಾರ ಹಾಸನಕ್ಕೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮೂರು ಪದ ಹೇಳುತ್ತೀನಿ, ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತೀನಿ ಅಂದಳು. ದಾಳಿಂಬೆ, ಬಾಗಿಲು, ಹತ್ತಿ. ಆಮೇಲೆ ಗಡಿಯಾರ ಬರೆಸಿದಳು, ಲೆಕ್ಕ ಮಾಡಿಸಿದಳು, ವಾರ, ತಿಂಗಳು ಎಲ್ಲ ಕೇಳಿದಳು. "ಈಗ ಹೇಳಿ, ಆ ಮೂರು ಪದ?" ಅಂದದ್ದೇ ತಡ, ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗಟ್ಟಿಯಾಗಿ, "ದಾಳಿಂಬ್ರೆ, ಬಾಗ್ಲು, ಅತ್ತಿ!" ಅಂತ ಬಂತು.

"ಅತ್ತೆವ್ವಾ! ಪರೀಕ್ಷೆ ನನಗೆ!" ಅಂತ ರೇಗಿದೆ. ಡಾಕ್ಟರು ನಗು ತಡೆಯಲಾರದೆ ಪೆನ್ನು ಕೆಳಗಿಟ್ಟಳು. ಅತ್ತೆಯನ್ನು ಆಚೆ ಕೂರಿಸಿ, ಬೇರೆ ಮೂರು ಪದ ಕೊಟ್ಟು, ಮತ್ತೆ ಮೊದಲಿಂದ ಕೇಳಿದಳು. ಎಲ್ಲ ಹೇಳಿದೆ. ಈಗೇನೂ ತೊಂದರೆ ಕಾಣುತ್ತಿಲ್ಲ, ನಿದ್ದೆ ಸರಿಯಾಗಿ ಮಾಡಿ, ಮುಂದಿನ ವರ್ಷ ಒಂದು ಸಲ ಬಂದು ಹೋಗಿ ಅಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಸೊನ್ನೆಯ ಸುತ್ತ ಎಸಳು ಬರೆದೆ. ಬಸ್ಸು ಕುಲುಕಿ ಒಂದು ಎಸಳು ಸೊಟ್ಟಗಾಯಿತು. ಮೊಸಳೆ ಅನ್ನುವ ಊರು ದಾಟುವವರೆಗೂ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ರೇಗಿದ್ದಕ್ಕೆ ಮುನಿಸಿಕೊಂಡಿದ್ದಾರೆ ಅಂತ ನಾನೇ, "ಅಲ್ಲ ಅತ್ತೆವ್ವಾ, ನಿಮ್ಮನ್ನ ಯಾರು ಕೇಳಿದ್ರು ಆ ಮೂರು ಪದ?" ಅಂದೆ.

"ನಿಂಗೆ ಮರ್ತೋದ್ರೆ ಯೋಳಾನ ಅಂತ ಇಡ್ಕಂಡಿದ್ದೆ ಕಣವ್ವ" ಅಂದರು ಅತ್ತೆ. "ಬಾಯಿಂದ ಜಾರ್ಬುಡ್ತು."

ನಾನು ಅವರ ಕೈ ಹಿಡಿದುಕೊಂಡು ಹೊಳೆನರಸೀಪುರ ಬರುವವರೆಗೂ ಬಿಡಲಿಲ್ಲ.